ಕಲ್ವ ಯಾವಾಗ ತುಂಬಿಕೊಳ್ಳುತ್ತದೆ, ಯಾವಾಗ ಸೊರಗುತ್ತದೆ?

ಪ್ರಶ್ನೆ: ನಾವು ಕುಂದಾಪುರ ಕಡೆಯವರು. ನಮ್ಮ ಮಹಿಳಾ ಸ್ವಸಹಾಯ ಗುಂಪು ಹಿನ್ನೀರಿನಲ್ಲಿ ಕಂಬ ನೆಟ್ಟು, ಹಗ್ಗದ ಸರ ಇಳಿಬಿಟ್ಟು ಕಲ್ವ, ಅಂದರೆ ಆಯ್ಸ್ಟರ್ ಬೆಳೆಸುತ್ತಿದೆ. ಏಪ್ರಿಲ್‌ನಲ್ಲಿ ಚಿಪ್ಪು ಬಿಡಿಸಿದರೆ ಮಾಂಸ ಕೆನೆಯ ಬಣ್ಣದ್ದು, ತುಂಬಿಕೊಂಡಿತ್ತು. ಮೇ ಕೊನೆಯಲ್ಲಿ ಜೋರು ಮಳೆ ಬಂತು. ಒಂದೇ ವಾರದಲ್ಲಿ ಅದೇ ಸರದ ಕಲ್ವ ನೀರು ನೀರಾಯಿತು. ಹಿಂದಿನ ವರ್ಷ ಉಳಿದಿದ್ದ ಸರವನ್ನು ಡಿಸೆಂಬರ್‌ನಲ್ಲಿ ತೆಗೆದಾಗಲೂ ಹಾಗೇ ಇತ್ತು. ಬೆಂಗಳೂರಿನ ಹೋಟೆಲಿನವರೊಬ್ಬರು, ಇಂಗ್ಲಿಷ್ ಹೆಸರಿನಲ್ಲಿ ‘ಆರ್’ ಅಕ್ಷರ ಇರುವ ತಿಂಗಳಲ್ಲಿ ಮಾತ್ರ ತೆಗೆದುಕೊಳ್ಳುತ್ತೇವೆ ಅನ್ನುತ್ತಾರೆ. ಹಾಗಾದರೆ ನಮ್ಮ ಮೇ ತಿಂಗಳ ಮಾಲು ಕೆಟ್ಟದ್ದಾ? ತಿಂಗಳಿಗೆ ತಕ್ಕಂತೆ ಪೌಷ್ಟಿಕಾಂಶವೂ ಬದಲಾಗುತ್ತದಾ? ಪ್ಯಾಕೆಟ್ ಮೇಲೆ ಏನಂತ ಬರೆಯೋದು?

ಉತ್ತರ: ಬದಲಾಗುತ್ತದೆ, ಸಾಕಷ್ಟು ಬದಲಾಗುತ್ತದೆ. ಆದರೆ ಎಲ್ಲ ಪೋಷಕಾಂಶಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದಿಲ್ಲ. ಒಂದು ಇಳಿಯುವಾಗ ಇನ್ನೊಂದು ನಿಂತಲ್ಲೇ ನಿಂತಿರುತ್ತದೆ, ಮತ್ತೊಂದು ಏರಿದಂತೆ ಕಾಣುತ್ತದೆ. ಇದೆಲ್ಲ ನಡೆಯುವುದು ಗೋಡೆಯ ಕ್ಯಾಲೆಂಡರ್ ನೋಡಿಕೊಂಡಲ್ಲ. ಕಲ್ವ ಮೊಟ್ಟೆ-ವೀರ್ಯ ಬಿಡುವ ಹಂತದಲ್ಲಿ ಎಲ್ಲಿದೆ, ನಿಮ್ಮ ಅಳಿವೆಯ ನೀರಿನಲ್ಲಿ ಉಪ್ಪು ಎಷ್ಟಿದೆ, ಈ ಎರಡನ್ನು ನೋಡಿಕೊಂಡು. ‘ಆರ್’ ಲೆಕ್ಕ ನಮ್ಮ ಕರಾವಳಿಯದ್ದಲ್ಲ. ನಿಮ್ಮ ಕಡೆ ಅದು ಬಹುಮಟ್ಟಿಗೆ ತಲೆಕೆಳಗು. ಮಳೆಗೆ ಮುಂಚಿನ ಮೇ ತಿಂಗಳ ಮಾಲು ನಿಮ್ಮ ವರ್ಷದ ಅತಿ ಒಳ್ಳೆಯ ಮಾಲುಗಳಲ್ಲಿ ಒಂದು.

ಮೊದಲು ಕಲ್ವದ ಮಾಂಸದಲ್ಲಿ ಏನಿದೆ ನೋಡೋಣ. ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನವಾಗಿರುವುದು ಪೆಸಿಫಿಕ್ ಆಯ್ಸ್ಟರ್. ಜಪಾನಿನ ಹಿರೋಶಿಮಾ, ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿ, ಅಮೆರಿಕದ ವಾಷಿಂಗ್ಟನ್ ರಾಜ್ಯ, ಎಲ್ಲ ಕಡೆ ಬೆಳೆಸುವುದು ಅದನ್ನೇ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯ ಪ್ರಕಾರ ಅದರ 100 ಗ್ರಾಂ ಹಸಿ ಮಾಂಸದಲ್ಲಿ 82 ಗ್ರಾಂ ನೀರು, ಒಂಬತ್ತೂವರೆ ಗ್ರಾಂ ಪ್ರೋಟೀನ್, 2.3 ಗ್ರಾಂ ಕೊಬ್ಬು, ಸುಮಾರು 5 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಶಕ್ತಿ ಸುಮಾರು 80 ಕಿಲೋಕ್ಯಾಲೊರಿ. ಜಿಂಕ್ 16 ಮಿಲಿಗ್ರಾಂಗಿಂತ ಜಾಸ್ತಿ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ದಿನಕ್ಕೆ ಹೆಂಗಸರಿಗೆ 13.2 ಮಿಲಿಗ್ರಾಂ, ಗಂಡಸರಿಗೆ 17 ಮಿಲಿಗ್ರಾಂ ಜಿಂಕ್ ಬೇಕು ಅನ್ನುತ್ತದೆ. ಒಂದು ಸಣ್ಣ ಬಟ್ಟಲು ಮಾಂಸದಲ್ಲಿ ಹತ್ತಿರ ಹತ್ತಿರ ಒಂದು ದಿನದ ಜಿಂಕ್ ಸಿಕ್ಕಿತು ಅಂತಾಯಿತು. ಜೊತೆಗೆ ಬಿ12, ಸೆಲೆನಿಯಂ, ಕಬ್ಬಿಣ, ಒಮೆಗಾ-3. ಆದರೆ ಇವು ಸರಾಸರಿ ಅಂಕಿಗಳು. ಯಾವುದೋ ಒಂದು ದಿನ ತೆಗೆದ ಒಂದು ಚಿಪ್ಪಿಗೆ ಇವು ಹೊಂದಬೇಕಾಗಿಲ್ಲ. ನಿಮ್ಮ ಪ್ರಶ್ನೆ ಇರುವುದೂ ಆ ವ್ಯತ್ಯಾಸದಲ್ಲೇ.

ಈ ಪಟ್ಟಿಯಲ್ಲಿ ಅತಿ ಹೆಚ್ಚು ಏರಿಳಿಯುವುದು ಕಾರ್ಬೋಹೈಡ್ರೇಟ್. ಮೀನಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಕಲ್ವದಲ್ಲಿ ಮಾತ್ರ ಇದೆ. ಅದರ ಬಹುಪಾಲು ಗ್ಲೈಕೋಜನ್. ನಮ್ಮ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಇರುತ್ತದಲ್ಲ, ಅದೇ. ಕಲ್ವಕ್ಕೆ ಇದು ಮನೆಯ ಕಣಜ ಇದ್ದ ಹಾಗೆ. ಮೇವು ಚೆನ್ನಾಗಿದ್ದಾಗ ತುಂಬಿಸಿಕೊಳ್ಳುತ್ತದೆ, ಕಷ್ಟ ಬಂದಾಗ ತೆಗೆದು ಉಣ್ಣುತ್ತದೆ. ನೀವು ಏಪ್ರಿಲ್‌ನಲ್ಲಿ ಕಂಡ ಕೆನೆಬಣ್ಣದ ದಪ್ಪ ಮಾಂಸದಲ್ಲಿ ತುಂಬಿದ್ದು ಎಣ್ಣೆಕೊಬ್ಬಲ್ಲ, ಮುಖ್ಯವಾಗಿ ಈ ಗ್ಲೈಕೋಜನ್. ಚೆನ್ನಾಗಿ ತುಂಬಿಕೊಂಡ ಪೆಸಿಫಿಕ್ ಆಯ್ಸ್ಟರ್‌ನ ಮಾಂಸ ಒಣಗಿಸಿ ನೋಡಿದರೆ ಒಣ ತೂಕದಲ್ಲಿ ನೂರಕ್ಕೆ 20ರಿಂದ 30 ಭಾಗದವರೆಗೂ ಗ್ಲೈಕೋಜನ್ ಇರಬಹುದು. ಮೊಟ್ಟೆ ಬಿಟ್ಟು ಸೊರಗಿದ ಮೇಲೆ ಅದೇ 5ಕ್ಕಿಂತ ಕೆಳಗೆ ಇಳಿಯುತ್ತದೆ.

ಎಲ್ಲಿಗೆ ಹೋಯಿತು ಅದು? ಮೊಟ್ಟೆ, ವೀರ್ಯ ಮಾಡುವುದಕ್ಕೆ. ಕಲ್ವದ ಸಂತಾನದ ಭಾಗಕ್ಕೆ ಗೊನಾಡ್ ಅನ್ನುತ್ತೇವೆ. ಮೀನಿನ ಹಾಗೆ ಅದಕ್ಕೊಂದು ಬೇರೆ ಚೀಲ ಇರುವುದಿಲ್ಲ. ಹೊಟ್ಟೆಯ ಸುತ್ತಲೇ ಹರಡಿಕೊಳ್ಳುತ್ತದೆ. ಪೂರ್ತಿ ಮಾಗಿದಾಗ ಮೃದು ಮಾಂಸದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅದೇ ಇರುತ್ತದೆ. ಒಂದು ಹೆಣ್ಣು ಒಂದು ಸಲಕ್ಕೆ ಕೋಟಿಗಟ್ಟಲೆ ಮೊಟ್ಟೆ ಬಿಡುತ್ತದೆ. ಪ್ರತಿ ಮೊಟ್ಟೆಯಲ್ಲೂ ಮರಿಗೆ ಬೇಕಾದ ಪ್ರೋಟೀನ್ ಇರಬೇಕು, ಕೊಬ್ಬು ಇರಬೇಕು. ಹಾಗಾಗಿ ಗ್ಲೈಕೋಜನ್ ಕರಗುತ್ತಾ ಹೋದಂತೆ ಮಾಂಸದಲ್ಲಿ ಪ್ರೋಟೀನ್ ಮತ್ತು ಕೊಬ್ಬು ಏರುತ್ತಾ ಹೋಗುತ್ತವೆ. ಆಮೇಲೆ ಒಂದು ದಿನ ಎಲ್ಲವನ್ನೂ ನೀರಿಗೆ ಬಿಟ್ಟುಬಿಡುತ್ತದೆ. ಉಳಿಯುವುದು ತೆಳ್ಳಗಿನ, ಅರೆಪಾರದರ್ಶಕ ಮಾಂಸ ಮತ್ತು ನೀರು.

ಇಲ್ಲಿ ಒಂದು ವಿಷಯ ಗಮನಿಸಿ. ಹೊರಗಿನಿಂದ ನೋಡಿದರೆ ಗ್ಲೈಕೋಜನ್ ತುಂಬಿದ ಕಲ್ವವೂ ದಪ್ಪ, ಮೊಟ್ಟೆ ತುಂಬಿದ ಕಲ್ವವೂ ದಪ್ಪ. ಎರಡೂ ಬೆಳ್ಳಗೆ ಕಾಣುತ್ತವೆ. ಬೇರೆ ಮಾಡಿ ನೋಡುವುದಕ್ಕೆ ಸುಲಭದ ದಾರಿ ಇದೆ. ಚಿಪ್ಪು ಬಿಡಿಸಿ ಹೊಟ್ಟೆಯ ಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಸವರಿ. ಮೇಲ್ಮೈಯಲ್ಲಿ ಬಿಳಿ ನರಗಳಂಥ ಕವಲುಗಳು ಎದ್ದು ಕಂಡು, ಒತ್ತಿದ ಕಡೆಯಿಂದ ಹಾಲಿನಂಥದ್ದು ಹರಿದು ಬಂದರೆ ಅದು ಮಾಗಿದ ಗೊನಾಡ್. ಆ ಹಾಲಿನ ಒಂದು ಹನಿಯನ್ನು ಗಾಜಿನ ಲೋಟದಲ್ಲಿರುವ ಉಪ್ಪುನೀರಿಗೆ ಬಿಟ್ಟು ಬೆಳಕಿಗೆ ಹಿಡಿಯಿರಿ. ಸಣ್ಣ ರವೆಯಂತೆ ಕಾಳುಕಾಳಾಗಿ ಹರಡಿದರೆ ಹೆಣ್ಣು. ಹೊಗೆಯಂತೆ ಎಳೆ ಎಳೆಯಾಗಿ ತೇಲಿದರೆ ಗಂಡು. ಒತ್ತಿದರೂ ಏನೂ ಹರಿಯದೆ, ಮಾಂಸ ಗಟ್ಟಿಯಾಗಿ, ಕೆನೆಬಣ್ಣದಲ್ಲಿ, ಒಳಗಿನ ಕಂದು ಜಠರಗ್ರಂಥಿ ಕಾಣದಂತೆ ಮುಚ್ಚಿಕೊಂಡಿದ್ದರೆ ಅದು ಗ್ಲೈಕೋಜನ್ ತುಂಬಿದ್ದು. ಆ ಕಂದು ಭಾಗ ತೆಳು ಪದರದ ಹಿಂದಿನಿಂದ ಸ್ಪಷ್ಟವಾಗಿ ಕಾಣುತ್ತಿದ್ದರೆ ಮೊಟ್ಟೆ ಬಿಟ್ಟಾಗಿದೆ, ಇಲ್ಲವೇ ಉಪವಾಸ ಬಿದ್ದಿದೆ. ಪ್ರತಿ ಸರ ತೆಗೆಯುವ ಮುಂಚೆ ಹತ್ತು ಹನ್ನೆರಡು ಚಿಪ್ಪು ಬಿಡಿಸಿ ಈ ಪರೀಕ್ಷೆ ಮಾಡಿ. ಯಾವ ಲ್ಯಾಬೂ ಬೇಡ. ನಿಮ್ಮ ಗುಂಪಿನಲ್ಲಿ ಚಿಪ್ಪು ಬಿಡಿಸಿ ಕೈ ಪಳಗಿದವರಿಗೆ ನಾಲ್ಕು ಸಲ ನೋಡಿದರೆ ಸಾಕು, ಗುರುತು ಸಿಕ್ಕಿಬಿಡುತ್ತದೆ.

ಈಗ ‘ಆರ್’ ವಿಚಾರ. ಮೇ, ಜೂನ್, ಜುಲೈ, ಆಗಸ್ಟ್, ಇಂಗ್ಲಿಷಿನಲ್ಲಿ ಬರೆದರೆ ಈ ನಾಲ್ಕರಲ್ಲಿ ಮಾತ್ರ ಆ ಅಕ್ಷರ ಇಲ್ಲ. ಯೂರೋಪಿಗೆ ಅವು ಬೇಸಿಗೆಯ ತಿಂಗಳು. ಅಲ್ಲಿನ ಮೂಲ ತಳಿ ಚಪ್ಪಟೆ ಆಯ್ಸ್ಟರ್. ಅದು ನಮ್ಮ ಕಲ್ವದ ಹಾಗೆ ಮೊಟ್ಟೆಯನ್ನು ನೀರಿಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಮರಿಗಳನ್ನು ಚಿಪ್ಪಿನೊಳಗೇ ಇಟ್ಟುಕೊಂಡು ಸಾಕುತ್ತದೆ. ಮರಿಗಳಿಗೆ ಚಿಪ್ಪು ಬಲಿಯುತ್ತಿದ್ದಂತೆ ಬಾಯಿಗೆ ಮರಳಿನಂತೆ ಸಿಗುತ್ತವೆ. ಯಾರು ತಿನ್ನುತ್ತಾರೆ ಅದನ್ನು? ಮರಿ ಇಡುವ ಕಾಲದಲ್ಲಿ ಹಿಡಿಯಬಾರದು ಅನ್ನುವುದೂ ಇತ್ತು. ಐಸ್ ಇಲ್ಲದ ಕಾಲದಲ್ಲಿ ಬೇಸಿಗೆಯ ಸಾಗಣೆ ಅಪಾಯ ಅನ್ನುವುದೂ ಇತ್ತು. ಅಲ್ಲಿನವರು ಅನುಭವದಿಂದ ಮಾಡಿಕೊಂಡ ನಿಯಮ, ಅಲ್ಲಿಗೆ ಸರಿಯಾಗೇ ಇತ್ತು.

ಈಗ ಫ್ರಾನ್ಸಿನಲ್ಲಿ ಬೆಳೆಸುವುದು ಹೆಚ್ಚಾಗಿ ಪೆಸಿಫಿಕ್ ಆಯ್ಸ್ಟರ್. ಅದು ನೀರು 18-20 ಡಿಗ್ರಿ ದಾಟಿದ ಮೇಲೆ, ಜುಲೈ-ಆಗಸ್ಟ್‌ನಲ್ಲಿ ಮೊಟ್ಟೆ ಬಿಡುತ್ತದೆ. ಬೇಸಿಗೆಯಲ್ಲಿ ಅಲ್ಲಿ ಹಾಲು ತುಂಬಿದ ಆಯ್ಸ್ಟರ್ ಸಿಗುತ್ತದೆ. ಕೆಲವರಿಗೆ ಇಷ್ಟ, ಬಹಳ ಜನರಿಗೆ ಆಗುವುದಿಲ್ಲ. ವ್ಯಾಪಾರದ ದೊಡ್ಡ ಪಾಲು ಕ್ರಿಸ್‌ಮಸ್, ಹೊಸವರ್ಷದ ಹೊತ್ತಿಗೆ ನಡೆಯುತ್ತದೆ. ಹಿರೋಶಿಮಾದಲ್ಲೂ ಚಳಿಗಾಲವೇ ಸುಗ್ಗಿ. ಚಳಿಯ ದೇಶಗಳಲ್ಲಿ ಉಷ್ಣತೆಯೇ ಯಜಮಾನ. ನೀರು ಬಿಸಿಯಾದರೆ ಮೊಟ್ಟೆ, ತಣ್ಣಗಾದರೆ ಕಣಜ ತುಂಬುವ ಕೆಲಸ.

ಇದರಿಂದ ತಪ್ಪಿಸಿಕೊಳ್ಳಲು ಅಲ್ಲಿ ಮಾಡಿಕೊಂಡ ಉಪಾಯ ಟ್ರಿಪ್ಲಾಯ್ಡ್. ಸಾಮಾನ್ಯ ಆಯ್ಸ್ಟರ್‌ಗೆ 20 ಕ್ರೋಮೋಸೋಮ್, ಇದಕ್ಕೆ 30. ಇದರಲ್ಲಿ ಮೊಟ್ಟೆ-ವೀರ್ಯ ಸರಿಯಾಗಿ ಮಾಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೂ ಗ್ಲೈಕೋಜನ್ ಉಳಿದಿರುತ್ತದೆ, ಮಾಂಸ ಗಟ್ಟಿಯಾಗಿರುತ್ತದೆ. ಬೆಂಗಳೂರಿನ ಹೋಟೆಲಿಗೆ ವರ್ಷವಿಡೀ ಒಂದೇ ಥರದ ಆಮದು ಮಾಲು ಬರುತ್ತಿದ್ದರೆ, ಇದೂ ಒಂದು ಕಾರಣ ಇರಬಹುದು.

ನಮ್ಮ ಕಲ್ವ ಬೇರೆ ತಳಿ. ಹಳೆಯ ವೈಜ್ಞಾನಿಕ ಹೆಸರು ಕ್ರಾಸೋಸ್ಟ್ರಿಯಾ ಮದ್ರಾಸೆನ್ಸಿಸ್. ಈಗ ಮಗಲ್ಲಾನಾ ಬೈಲಿನಿಯಾಟಾ ಎಂದು ಕರೆಯುತ್ತಾರೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, 1970ರ ದಶಕದಲ್ಲಿ ತೂತ್ತುಕುಡಿಯಲ್ಲಿ ಇದರ ಸಾಕಣೆಯ ವಿಧಾನ ರೂಪಿಸಿತು. 1990ರ ದಶಕದಲ್ಲಿ ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನಲ್ಲಿ ಅದು ಊರವರ ಕೈಗೆ ಬಂತು. ಖಾಲಿ ಚಿಪ್ಪುಗಳನ್ನು ಹಗ್ಗಕ್ಕೆ ಪೋಣಿಸಿ ಕಂಬಕ್ಕೆ ಕಟ್ಟುವ ನಿಮ್ಮ ವಿಧಾನವೂ ಅದೇ ಕುಟುಂಬದ್ದು.

ನಮ್ಮ ಅಳಿವೆಗಳಲ್ಲಿ ನೀರು ವರ್ಷವಿಡೀ ಬೆಚ್ಚಗೇ ಇರುತ್ತದೆ. ಹಾಗಾಗಿ ಇಲ್ಲಿ ಯಜಮಾನ ಉಷ್ಣತೆಯಲ್ಲ, ಉಪ್ಪು. ಏಪ್ರಿಲ್-ಮೇಯಲ್ಲಿ ಅಳಿವೆ ಬಾಗಿಲ ಹತ್ತಿರ ನೀರು ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪು, ಲೀಟರಿಗೆ 30 ಗ್ರಾಂ ಮೀರಿ. ಜುಲೈಯಲ್ಲಿ ಘಟ್ಟದ ಮೇಲಿನ ಮಳೆನೀರೆಲ್ಲ ಇಳಿದು ಬಂದಾಗ ಅದೇ ಜಾಗದ ನೀರು ಕುಡಿಯುವಷ್ಟು ಸಪ್ಪೆ. ಇಷ್ಟು ದೊಡ್ಡ ಏರಿಳಿತ ಫ್ರಾನ್ಸಿನ ಆಯ್ಸ್ಟರ್ ಕೊಲ್ಲಿಗಳಲ್ಲಿ ಇಲ್ಲ. ಮಳೆ ಹಿಂದೆ ಸರಿದು ಉಪ್ಪು ಮತ್ತೆ ಏರತೊಡಗಿದಾಗ ನಮ್ಮ ಪಶ್ಚಿಮ ಕರಾವಳಿಯ ಕಲ್ವ ಮುಖ್ಯವಾಗಿ ಮೊಟ್ಟೆ ಬಿಡುತ್ತದೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ನಿಮ್ಮ ಸರಗಳ ಮೇಲೆ ಮರಿ ಕೂರುವುದು ಅದಕ್ಕೇ. ಮರಿ ಕೂರುವ ಕಾಲ ಅಂದರೆ ತಾಯಿ ಸೊರಗುವ ಕಾಲ. ನೀವು ಡಿಸೆಂಬರ್‌ನಲ್ಲಿ ತೆಗೆದ ಹಳೆಯ ಸರ ನೀರು ನೀರಾಗಿತ್ತು ಅಂದಿರಲ್ಲ, ಅದು ಬಹುಶಃ ಇದೇ. ನೋಡಿ, ಡಿಸೆಂಬರ್ ‘ಆರ್’ ಇರುವ ತಿಂಗಳು. ಹೋಟೆಲಿನವರ ಲೆಕ್ಕದಲ್ಲಿ ಪಾಸು, ನಿಮ್ಮ ಕೈಯಲ್ಲಿದ್ದ ಮಾಲು ಫೇಲು.

ಆಮೇಲೆ ಜನವರಿಯಿಂದ ನೀರು ತಿಳಿಯಾಗುತ್ತದೆ, ಉಪ್ಪು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಮೇವಾಗಿ ಸಿಗುತ್ತವೆ. ದೊಡ್ಡ ಕಲ್ವ ಚುರುಕಾಗಿದ್ದಾಗ ಗಂಟೆಗೆ ಹಲವು ಲೀಟರ್ ನೀರು ಸೋಸುತ್ತದೆ. ಹೊಸ ಮರಿಗಳು ಬೆಳೆಯುತ್ತವೆ, ಹಳೆಯವು ಚೇತರಿಸಿಕೊಳ್ಳುತ್ತವೆ. ಮಾರ್ಚ್‌ನಿಂದ ಮೇ ನಡುವಿನವರೆಗೆ ಮಾಂಸ ತುಂಬಿಕೊಳ್ಳುವುದನ್ನು ನೀವೇ ಕಂಡಿದ್ದೀರಿ. ಅಷ್ಟಮುಡಿಯಲ್ಲೂ ಮಳೆ ಹಿಡಿಯುವ ಮುಂಚೆ ಕೊಯ್ಲು ಮುಗಿಸುವುದು ಈ ಕಾರಣಕ್ಕೇ. ತೂತ್ತುಕುಡಿಗೆ ಮಳೆ ಬರುವ ಕಾಲವೇ ಬೇರೆ, ಹಾಗಾಗಿ ಅಲ್ಲಿನ ಕ್ಯಾಲೆಂಡರೂ ಬೇರೆ. ತಮಿಳುನಾಡಿನ ಕೈಪಿಡಿಯಲ್ಲಿರುವ ತಿಂಗಳುಗಳನ್ನು ಸುಮ್ನೆ ಇಲ್ಲಿಗೆ ತಂದು ಹಾಕಬೇಡಿ. ಕುಂದಾಪುರದ ಪಂಚಗಂಗಾವಳಿಗೂ ಕುಮಟಾದ ಅಘನಾಶಿನಿಗೂ ಕೂಡ ವಾರಗಟ್ಟಲೆ ವ್ಯತ್ಯಾಸ ಇರಬಹುದು. ಒಂದೇ ಹಿನ್ನೀರಿನಲ್ಲಿ ಬಾಗಿಲ ಹತ್ತಿರದ ಸರಕ್ಕೂ ಒಳಗಿನ ಸರಕ್ಕೂ ವ್ಯತ್ಯಾಸ ಇರುತ್ತದೆ.

ಇನ್ನು ನಮ್ಮಲ್ಲಿ ಕಲ್ವ ವರ್ಷಕ್ಕೊಮ್ಮೆ ಮಾತ್ರ ಮೊಟ್ಟೆ ಬಿಟ್ಟು ಸುಮ್ಮನಾಗುವುದಿಲ್ಲ. ಮುಖ್ಯ ಕಾಲ ಒಂದಿದ್ದರೂ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸ್ವಲ್ಪ ಮಾಗುತ್ತಾ ಬಿಡುತ್ತಾ ಇರುತ್ತದೆ. ದೀರ್ಘ ವಿಶ್ರಾಂತಿ ಇಲ್ಲ. ಚಳಿದೇಶದ ಆಯ್ಸ್ಟರ್‌ನಷ್ಟು ಗ್ಲೈಕೋಜನ್ ಕೂಡಿಡಲು ಉಷ್ಣವಲಯದ ತಳಿಗಳಿಗೆ ಸಾಮಾನ್ಯವಾಗಿ ಆಗುವುದಿಲ್ಲ. ನಮ್ಮ ಮಾಲನ್ನು ಆಮದು ಮಾಲಿನ ಪಕ್ಕ ಇಟ್ಟು, ಅಷ್ಟು ದಪ್ಪ ಇಲ್ಲ ಅಂತ ಬೇಸರ ಮಾಡಿಕೊಳ್ಳುವುದು ಸರಿಯಲ್ಲ.

ನಿಮ್ಮ ಮೇ ಕೊನೆಯ ಕಥೆಗೆ ಬರುತ್ತೇನೆ. ಒಂದೇ ವಾರದಲ್ಲಿ ಹೀಗಾಗಲು ಎರಡು ಕಾರಣ ಇರಬಹುದು. ಒಂದು, ಮಾಗಿದ್ದ ಕಲ್ವ ಮಳೆಯ ಪೆಟ್ಟಿಗೆ ಮೊಟ್ಟೆ ಬಿಟ್ಟಿರಬಹುದು. ಉಪ್ಪು ಅಥವಾ ಉಷ್ಣತೆ ದಿಢೀರ್ ಬದಲಾದರೆ ಮಾಗಿದ ಕಲ್ವ ಒಮ್ಮೆಲೇ ಬಿಟ್ಟುಬಿಡುತ್ತದೆ. ಹ್ಯಾಚರಿಗಳಲ್ಲಿ ಬೇಕೆಂದಾಗ ಮೊಟ್ಟೆ ಬಿಡಿಸಲು ಇದೇ ಗುಟ್ಟು ಬಳಸುತ್ತಾರೆ. ಎರಡು, ಸಪ್ಪೆ ನೀರನ್ನು ಹೀರಿಕೊಂಡು ಉಬ್ಬಿರಬಹುದು. ಕಲ್ವದ ದೇಹದ ದ್ರವ ಸುತ್ತಲಿನ ನೀರಿನಷ್ಟೇ ಉಪ್ಪಾಗಿರುತ್ತದೆ. ಹೊರಗೆ ಸಪ್ಪೆಯಾದರೆ ನೀರು ಒಳನುಗ್ಗುತ್ತದೆ. ಮೊದಲನೆಯದಾದರೆ ಮಾಂಸ ತೆಳ್ಳಗೆ, ಒಳಗಿನ ಕಂದು ಕಾಣುತ್ತದೆ. ಎರಡನೆಯದಾದರೆ ಮಾಂಸ ದಪ್ಪವೇ ಇರುತ್ತದೆ, ಬಾಣಲೆಗೆ ಹಾಕಿದ ಕೂಡಲೇ ನೀರು ಬಿಟ್ಟು ಅರ್ಧಕ್ಕೆ ಕುಗ್ಗುತ್ತದೆ.

ಈ ಉಬ್ಬಿಸುವ ಕೆಲಸವನ್ನು ಬೇಕೆಂದೇ ಮಾಡುವವರೂ ಇದ್ದರು. ಅಮೆರಿಕದಲ್ಲಿ ಹಿಂದೆ ಮಾರಾಟಕ್ಕೆ ಮುಂಚೆ ಆಯ್ಸ್ಟರ್‌ಗಳನ್ನು ಹೊಳೆಯ ಸಿಹಿನೀರಿನಲ್ಲಿ ಒಂದೆರಡು ದಿನ ಇಟ್ಟು ಉಬ್ಬಿಸುತ್ತಿದ್ದರು. 1894ರಲ್ಲಿ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್‌ನಲ್ಲಿ ಹಾಗೆ ಉಬ್ಬಿಸಿದ ಮಾಲು ತಿಂದ ಕಾಲೇಜು ವಿದ್ಯಾರ್ಥಿಗಳಿಗೆ ಟೈಫಾಯ್ಡ್ ಬಂತು, ಕೆಲವರು ಸತ್ತರು. ಇಟ್ಟಿದ್ದ ಹೊಳೆಗೆ ಚರಂಡಿ ಸೇರುತ್ತಿತ್ತು. ತೂಕ ಬರುತ್ತದೆ ಅಂತ ಯಾರಾದರೂ ನಿಮಗೆ ಈ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಅದರಿಂದ ಒಂದು ಗ್ರಾಂ ಪೋಷಕಾಂಶವೂ ಹೆಚ್ಚಾಗುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ನಷ್ಟವೂ ಆಗುತ್ತದೆ, ಅದು ರುಚಿಯದ್ದು. ಉಪ್ಪುನೀರಿನಲ್ಲಿ ಬದುಕುವಾಗ ಕಲ್ವದ ಜೀವಕೋಶಗಳು ಗ್ಲೈಸಿನ್, ಅಲನಿನ್, ಟೌರಿನ್, ಪ್ರೋಲಿನ್ ಥರದ ಬಿಡಿ ಅಮೈನೋ ಆಮ್ಲಗಳನ್ನು ತುಂಬಿಕೊಂಡು ಹೊರಗಿನ ಉಪ್ಪಿಗೆ ಸಮ ಮಾಡಿಕೊಳ್ಳುತ್ತವೆ. ಗ್ಲೈಸಿನ್ ಮತ್ತು ಅಲನಿನ್ ನಾಲಿಗೆಗೆ ಸಿಹಿ. ಏಪ್ರಿಲ್‌ನ ಕಲ್ವಕ್ಕೆ ಒಂದು ಸಿಹಿ ಇರುತ್ತದಲ್ಲ, ಅದರ ದೊಡ್ಡ ಪಾಲು ಇಲ್ಲಿಂದ ಬರುತ್ತದೆ. ಗ್ಲೈಕೋಜನ್ ತಾನೇ ಸಿಹಿ ಅಲ್ಲ, ಬಾಯಿಗೆ ತುಂಬುವ ಮೆತ್ತನೆ ಅದು ಕೊಡುತ್ತದೆ. ನೀರು ಸಪ್ಪೆಯಾದರೆ ಈ ಅಮೈನೋ ಆಮ್ಲಗಳನ್ನು ಇಟ್ಟುಕೊಳ್ಳುವ ಅಗತ್ಯ ಇಲ್ಲ, ಹೊರಹಾಕುತ್ತದೆ. ಹಾಗಾಗಿ ಜುಲೈನ ಕಲ್ವಕ್ಕೆ ನೀವು ಎಷ್ಟೇ ಮಸಾಲೆ ಹಾಕಿ ಸುಕ್ಕ ಮಾಡಿದರೂ ಆ ರುಚಿ ಬರುವುದಿಲ್ಲ. ಜಾಸ್ತಿ ಸಪ್ಪೆಯಾದರಂತೂ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ದಿನಗಟ್ಟಲೆ ಕೂರುತ್ತದೆ. ಆಗ ಮೇವೂ ಇಲ್ಲ, ಆಮ್ಲಜನಕವೂ ಇಲ್ಲ. ಗ್ಲೈಕೋಜನ್ ಕರಗಿಸಿಕೊಂಡೇ ಬದುಕಬೇಕು. ಕೆಂಪು ನೀರಿನ ಕೆಸರು ಬೇರೆ. ಹೀಗೆ ಬಹಳ ದಿನ ಆದರೆ ಸಾಯುತ್ತವೆ. ಮಳೆಗಾಲಕ್ಕೆ ಸರ ಉಳಿಸಿಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕೊಯ್ದ ಮೇಲೂ ಇದೇ ಲೆಕ್ಕ ನಡೆಯುತ್ತದೆ. ನೀರಿನಿಂದ ತೆಗೆದ ಕಲ್ವ ಚಿಪ್ಪು ಮುಚ್ಚಿಕೊಂಡು ತನ್ನ ಗ್ಲೈಕೋಜನ್ ಉಣ್ಣುತ್ತಾ ಜೀವ ಹಿಡಿದಿರುತ್ತದೆ. ಬಿಸಿಲಿನಲ್ಲಿ ಗೋಣಿಚೀಲದಲ್ಲಿ ಬಿದ್ದಿದ್ದರೆ ಬೇಗ ಖಾಲಿ. ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ತಣ್ಣಗಿಟ್ಟರೆ ನಿಧಾನ.

ಈಗ ಅಂಕಿಗಳಲ್ಲಿ ನೋಡೋಣ. ಇದು ನಿಮ್ಮ ಮಾಲಿನ ಲ್ಯಾಬ್ ವರದಿ ಅಲ್ಲ, ಅರ್ಥವಾಗಲಿ ಅಂತ ನಾನು ಹಾಕಿದ ಲೆಕ್ಕ. ತುಂಬಿದ ಕಲ್ವದ 100 ಗ್ರಾಂ ಮಾಂಸದಲ್ಲಿ 22 ಗ್ರಾಂ ಒಣ ಅಂಶ ಇದೆ ಅಂದುಕೊಳ್ಳಿ. ಅದರಲ್ಲಿ ನೂರಕ್ಕೆ 45 ಪ್ರೋಟೀನ್ ಅಂದರೆ 10 ಗ್ರಾಂ. ನೂರಕ್ಕೆ 25 ಗ್ಲೈಕೋಜನ್ ಅಂದರೆ ಐದೂವರೆ ಗ್ರಾಂ. ಸೊರಗಿದ ಕಲ್ವದಲ್ಲಿ ಒಣ ಅಂಶ 13 ಗ್ರಾಂ ಮಾತ್ರ. ಅದರಲ್ಲಿ ಪ್ರೋಟೀನ್ ನೂರಕ್ಕೆ 60. ಕಾಗದದ ಮೇಲೆ ಇದೇ ಜಾಸ್ತಿ ಅನ್ನಿಸುತ್ತದೆ. ಆದರೆ ತಟ್ಟೆಗೆ ಬರುವುದು 8 ಗ್ರಾಂ. ಗ್ಲೈಕೋಜನ್ ಅರ್ಧ ಗ್ರಾಂ ಚಿಲ್ಲರೆ. ಇನ್ನು ಡಜನ್ ಲೆಕ್ಕದಲ್ಲಿ ಮಾರಿದರೆ? ಚಿಪ್ಪು ಸೇರಿ 80 ಗ್ರಾಂ ತೂಗುವ 12 ಕಲ್ವ, ಒಟ್ಟು 960 ಗ್ರಾಂ. ತುಂಬಿದ ಕಾಲದಲ್ಲಿ ನೂರಕ್ಕೆ 10 ಮಾಂಸ ಸಿಕ್ಕರೆ 96 ಗ್ರಾಂ. ಸೊರಗಿದಾಗ ನೂರಕ್ಕೆ 5 ಸಿಕ್ಕರೆ 48. ಕೊಂಡವರಿಗೆ ಒಂದು ಸಲ ಹತ್ತಿರ ಹತ್ತಿರ 10 ಗ್ರಾಂ ಪ್ರೋಟೀನ್, ಇನ್ನೊಂದು ಸಲ 4 ಗ್ರಾಂ ಕೂಡ ಇಲ್ಲ. ಬೆಲೆ ಒಂದೇ ಇಟ್ಟರೆ ನ್ಯಾಯ ಅಲ್ಲ ಅಲ್ವಾ?

ಜಿಂಕ್ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಕಲ್ವ ತನ್ನ ದೇಹದಲ್ಲಿ ಸೇರಿಸಿಕೊಂಡ ಜಿಂಕ್, ತಾಮ್ರ, ಕ್ಯಾಡ್ಮಿಯಂ ಎಂಬ ವಿಷಲೋಹ, ಇವನ್ನು ಬೇಗ ಬಿಟ್ಟುಕೊಡುವುದಿಲ್ಲ. ಮಾಂಸ ಹೆಚ್ಚಾದಾಗ ಇವು ಹಂಚಿಹೋಗಿ ಗ್ರಾಂಗೆ ಕಡಿಮೆ ಕಾಣುತ್ತವೆ, ಸೊರಗಿದಾಗ ಗ್ರಾಂಗೆ ಜಾಸ್ತಿ ಕಾಣುತ್ತವೆ. ಒಂದು ಚಿಪ್ಪಿನೊಳಗಿನ ಒಟ್ಟು ಜಿಂಕ್ ಅಷ್ಟೇನೂ ಬದಲಾಗಿರುವುದಿಲ್ಲ. ಆದ್ದರಿಂದ ಮಳೆಗಾಲದ ಕಲ್ವದಲ್ಲಿ ಜಿಂಕ್ ಜಾಸ್ತಿ ಅಂತ ಎಲ್ಲಾದರೂ ಓದಿದರೆ ಅದು ಸುಳ್ಳಲ್ಲ, ಆದರೆ ಅದನ್ನು ಹೊಗಳಿಕೆ ಅಂತ ತಿಳಿಯಬೇಡಿ. ಅದೇ ಲೆಕ್ಕದಲ್ಲಿ ಕ್ಯಾಡ್ಮಿಯಂ ಕೂಡ ಜಾಸ್ತಿ ಇರುತ್ತದೆ. ಕಾರ್ಖಾನೆ ನೀರು ಸೇರುವ ಹೊಳೆಯಲ್ಲಿ ಇದು ಸಣ್ಣ ಮಾತಲ್ಲ.

ಒಮೆಗಾ-3 ಮೇವಿನಿಂದ ಬರುತ್ತದೆ. ಅದರಲ್ಲಿ ಇಪಿಎ, ಡಿಎಚ್‌ಎ ಎಂಬ ಎರಡು ಮುಖ್ಯ ಬಗೆ. ಡಯಾಟಮ್ ಎಂಬ ಪಾಚಿ ಜಾಸ್ತಿ ತಿಂದರೆ ಇಪಿಎ ಹೆಚ್ಚು, ಡೈನೋಫ್ಲಾಜೆಲೇಟ್‌ನಂಥವು ಸಿಕ್ಕರೆ ಡಿಎಚ್‌ಎ ಹೆಚ್ಚು. ಒಟ್ಟು ಕೊಬ್ಬು ಮೊಟ್ಟೆ ಮಾಗಿದಾಗ ಏರುತ್ತದೆ, ಬಿಟ್ಟ ಮೇಲೆ ಇಳಿಯುತ್ತದೆ. ಹಾಗಾಗಿ ಮೊಟ್ಟೆ ತುಂಬಿದ ಕಲ್ವ ಪೋಷಣೆಯಲ್ಲಿ ಕೆಟ್ಟದ್ದೇನಲ್ಲ. ರುಚಿ, ಮೆತ್ತನೆ ಎಲ್ಲರಿಗೂ ಹಿಡಿಸುವುದಿಲ್ಲ, ಬೇಯಿಸಿದರೆ ಒಡೆದು ಹೋಗುತ್ತದೆ, ಅಷ್ಟೇ. ಬಿ12 ಯಾವ ಕಾಲದಲ್ಲೂ ಧಾರಾಳ ಇರುತ್ತದೆ.

ಸುರಕ್ಷತೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಪೌಷ್ಟಿಕಾಂಶ ಅತಿ ಹೆಚ್ಚು ಇರುವ ತಿಂಗಳೇ ಅತಿ ಸುರಕ್ಷಿತ ತಿಂಗಳು ಅಂತೇನಿಲ್ಲ. ನಮ್ಮ ಏಪ್ರಿಲ್-ಮೇ ನೀರು ಬಿಸಿ. ರೋಗ ತರುವ ವಿಬ್ರಿಯೋ ಬ್ಯಾಕ್ಟೀರಿಯಾಗಳಿಗೆ ಅದು ಇಷ್ಟ. ಮಳೆಗಾಲದಲ್ಲಿ ಊರಿನ ಕೊಳಚೆಯೆಲ್ಲ ಹೊಳೆಗೆ. ಆದ್ದರಿಂದ ನಮ್ಮ ಕಡೆಯ ಕಲ್ವವನ್ನು ಹಸಿಯಾಗಿ ತಿನ್ನಲು ಕೊಡಬೇಡಿ. ಚಿಪ್ಪು ಬಾಯಿ ಬಿಟ್ಟ ಮೇಲೂ ಇನ್ನೂ 5 ನಿಮಿಷ ಕುದಿಸಬೇಕು. ಮಾರಾಟಕ್ಕೆ ಮುಂಚೆ ಶುದ್ಧ ಉಪ್ಪುನೀರಿನ ತೊಟ್ಟಿಯಲ್ಲಿ ಒಂದು ದಿನವಾದರೂ ಇಟ್ಟು ಹೊಟ್ಟೆ ಖಾಲಿ ಮಾಡಿಸುವುದು ಒಳ್ಳೆಯದು. ಹೆಚ್ಚಿನ ಬ್ಯಾಕ್ಟೀರಿಯಾ ಹೊರಹೋಗುತ್ತವೆ. ವೈರಸ್, ವಿಬ್ರಿಯೋ ಪೂರ್ತಿ ಹೋಗುವುದಿಲ್ಲ.

ಬೇಯಿಸಿದರೂ ಹೋಗದ ವಿಷವೊಂದಿದೆ, ಕೆಲವು ಪಾಚಿಗಳಿಂದ ಬರುವಂಥದ್ದು. 1983ರಲ್ಲಿ ಮಂಗಳೂರಿಗೆ ದೂರವಲ್ಲದ ಕುಂಬಳೆ ಅಳಿವೆಯ ಚಿಪ್ಪುಮೀನು ತಿಂದು ಹಲವರಿಗೆ ಪಾರ್ಶ್ವವಾಯುವಿನಂಥ ಲಕ್ಷಣ ಕಾಣಿಸಿಕೊಂಡು ಸಾವೂ ಆಗಿತ್ತು. ನೀರಿನ ಬಣ್ಣ ಕೆಂಪಾಗಿಯೋ ಹಸಿರಾಗಿಯೋ ಬದಲಾದಾಗ, ಮೀನು ಸತ್ತು ತೇಲಿದಾಗ ಕೊಯ್ಲು ನಿಲ್ಲಿಸಿ, ಮೀನುಗಾರಿಕೆ ಇಲಾಖೆಗೆ ತಿಳಿಸಿ. ಬಣ್ಣ ಬದಲಾಗದೆಯೂ ವಿಷ ಇರಬಹುದು, ಹಾಗಾಗಿ ದೊಡ್ಡ ಮಾಲು ಕಳಿಸುವ ಮುಂಚೆ ಪರೀಕ್ಷೆ ಮಾಡಿಸುವ ಅಭ್ಯಾಸ ಇಟ್ಟುಕೊಳ್ಳಿ.

ಕೊನೆಗೆ ಕೆಲಸದ ಮಾತು. ಒಂದು ಅಡುಗೆ ತಕ್ಕಡಿ, ನೀರಿನ ಉಪ್ಪು ಅಳೆಯುವ ಒಂದು ರಿಫ್ರ್ಯಾಕ್ಟೋಮೀಟರ್, ಒಂದು ನೋಟ್‌ಬುಕ್ ಇದ್ದರೆ ಸಾಕು. ಹದಿನೈದು ದಿನಕ್ಕೊಮ್ಮೆ 20 ಕಲ್ವ ತೆಗೆಯಿರಿ. ಚಿಪ್ಪು ಉಜ್ಜಿ ತೊಳೆದು ಒಟ್ಟು ತೂಕ ಬರೆಯಿರಿ. ಬಿಡಿಸಿ, ಮಾಂಸವನ್ನು ಜರಡಿಯಲ್ಲಿ ನೀರು ಸೋರಲು ಬಿಟ್ಟು ಅದರ ತೂಕ ಬರೆಯಿರಿ. ಮಾಂಸವನ್ನು ಒಟ್ಟು ತೂಕದಿಂದ ಭಾಗಿಸಿ 100ರಿಂದ ಗುಣಿಸಿ. ಫ್ರಾನ್ಸಿನಲ್ಲಿ ಇಂಥದ್ದೇ ಲೆಕ್ಕದ ಮೇಲೆ ದರ್ಜೆ ಕೊಡುತ್ತಾರೆ. ಆರೂವರೆಯಿಂದ ಹತ್ತೂವರೆವರೆಗೆ ಒಂದು ದರ್ಜೆ, ಹತ್ತೂವರೆ ಮೀರಿದರೆ ಮೇಲಿನ ದರ್ಜೆ. ನಿಮಗೆ 8ರಿಂದ 10 ಬಂದರೆ ಒಳ್ಳೆಯ ಫಸಲು ಅಂತಲೇ ತಿಳಿಯಿರಿ. ಅದೇ ದಿನದ ಉಪ್ಪು ಮತ್ತು ಬೆರಳು ಪರೀಕ್ಷೆಯ ಫಲಿತಾಂಶವನ್ನೂ ಪಕ್ಕದಲ್ಲಿ ಬರೆದಿಡಿ. ಎರಡು ವರ್ಷ ಬರೆದರೆ ನಿಮ್ಮ ಅಳಿವೆಯ ಕ್ಯಾಲೆಂಡರ್ ನಿಮ್ಮ ಕೈಯಲ್ಲಿರುತ್ತದೆ. ಯಾವ ವಿಜ್ಞಾನಿಯ ಬಳಿಯೂ ಅದು ಸಿದ್ಧವಾಗಿ ಇರುವುದಿಲ್ಲ. ಅಂಕಿ ಏರುವುದು ನಿಂತ ವಾರವೇ ಕೊಯ್ಲು ಶುರು ಮಾಡಿ, ಇಳಿಯಲಿ ಅಂತ ಕಾಯಬೇಡಿ. ಹವಾಮಾನ ಇಲಾಖೆ ಮುಂಗಾರು ಪೂರ್ವ ಮಳೆಯ ಮುನ್ಸೂಚನೆ ಕೊಟ್ಟರೆ ಮಾಗಿದ ಸರಗಳನ್ನು ಮೊದಲು ತೆಗೆಯಿರಿ. ಸರ ತೀರಾ ಒತ್ತೊತ್ತಾಗಿದ್ದರೆ ಮಧ್ಯದವು ಒಳ್ಳೆಯ ಕಾಲದಲ್ಲೂ ಬಡಕಲಾಗುತ್ತವೆ. ಫೆಬ್ರವರಿಯಲ್ಲೇ ಸ್ವಲ್ಪ ಬಿಡಿಸಿ ಹಗುರ ಮಾಡಿ.

ಪ್ಯಾಕೆಟ್ ಮೇಲೆ ವರ್ಷಕ್ಕೆಲ್ಲ ಒಂದೇ ಅಂಕಿ ಮುದ್ರಿಸಬೇಡಿ, ಅಮೆರಿಕದ ಪಟ್ಟಿಯಿಂದಲೂ ನಕಲು ಮಾಡಬೇಡಿ. ನಿಮ್ಮ ಕೊಯ್ಲಿನ ಕಾಲದಲ್ಲಿ, ಮಾರ್ಚ್‌ನಲ್ಲಿ ಒಮ್ಮೆ, ಮೇ ಮೊದಲ ವಾರದಲ್ಲಿ ಒಮ್ಮೆ, ಮಾನ್ಯತೆ ಇರುವ ಲ್ಯಾಬಿಗೆ ಮಾದರಿ ಕಳಿಸಿ. ಬಂದ ಅಂಕಿಯನ್ನು ಕೊಯ್ಲಿನ ತಿಂಗಳ ಜೊತೆ ಬರೆಯಿರಿ. ಹೋಟೆಲಿನವರಿಗೆ ‘ಆರ್’ ಬಗ್ಗೆ ವಾದ ಮಾಡುವ ಬದಲು ಆ ವಾರದ ಮಾಂಸದ ಅಂಕಿ ಕಳಿಸಿ, ಜೊತೆಗೆ ಬಿಡಿಸಿಟ್ಟ ನಾಲ್ಕು ಕಲ್ವದ ಫೋಟೋ. ಡಿಸೆಂಬರ್‌ನಲ್ಲಿ ಅವರು ಕೇಳಿದರೆ, ಈಗ ಮಾಲು ಸೊರಗಿದೆ, ಮಾರ್ಚ್‌ವರೆಗೆ ಕಾಯಿರಿ ಅಂತ ನೀವೇ ಹೇಳಿ.